ಕ್ಷಮಿಸುವ ಹಕ್ಕು ಯಾರದು?

(ಇತಿಹಾಸದ ನಿವೃತ್ತ ಮೇಷ್ಟ್ರು ಶಂಕರಪ್ಪ, ವಕೀಲಿಕೆ ಮಾಡುವ ಅವರ ಅಣ್ಣನ ಮಗಳು ವಸುಧಾ)

ಶಂಕರಪ್ಪ: ಅಮೆರಿಕದ ಲಿಬರಲ್ ರಿಪಬ್ಲಿಕನ್ ಪಕ್ಷ ಒಂದೇ ಅಧ್ಯಕ್ಷ ಚುನಾವಣೆಗೆ ಮುಗಿದುಹೋಯಿತು, ಸರಿ. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿತ್ತಮ್ಮ? ಅಂತರ್ಯುದ್ಧ ಮುಗಿದು ಏಳು ವರ್ಷವಾಗಿತ್ತು. ರಿಪಬ್ಲಿಕನ್ ಅಧ್ಯಕ್ಷ ಗ್ರಾಂಟ್ ಆಡಳಿತದಲ್ಲಿ ಸರ್ಕಾರಿ ನೌಕರಿಗಳು ಪಕ್ಷದವರ ಪಾಲಾಗಿದ್ದವು. 1872ರ ಮೇ ತಿಂಗಳಲ್ಲಿ ಸಿನ್ಸಿನಾಟಿಯಲ್ಲಿ ಸೇರಿದವರು ಆಡಳಿತ ಶುದ್ಧವಾಗಲಿ, ಸೋತ ದಕ್ಷಿಣದವರಿಗೆ ಕ್ಷಮೆ ಸಿಗಲಿ, ಸ್ಥಳೀಯರೇ ಆಳಿಕೊಳ್ಳಲಿ ಎಂದರು.

ವಸುಧಾ: ಸ್ಥಳೀಯರು ಅಂದರೆ ಯಾರು, ಚಿಕ್ಕಪ್ಪ? ಗುಲಾಮರಾಗಿದ್ದವರೂ ಆ ಊರಿನವರೇ. ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್ ರಾತ್ರಿ ಬಂದು ಅವರ ಬಾಗಿಲು ಒಡೆಯುವಾಗ ತಡೆಯಲು ಇದ್ದದ್ದು ಕೇಂದ್ರದ ಸೇನೆಯೇ.

ಶಂಕರಪ್ಪ: ಹಾಗಂತ ಇವರನ್ನು ಗುಲಾಮಗಿರಿಯ ಕಡೆಯವರು ಅನ್ನಲಾಗದು. ಅಭ್ಯರ್ಥಿ ಹೊರೇಸ್ ಗ್ರೀಲಿ ತನ್ನ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಅದರ ವಿರುದ್ಧ ವರ್ಷಗಟ್ಟಲೆ ಬರೆದವನು. ಅದೇ ವಿಷಯಕ್ಕೆ ಸೆನೆಟ್ ಸಭಾಂಗಣದಲ್ಲೇ ಏಟು ತಿಂದ ಚಾರ್ಲ್ಸ್ ಸಮ್ನರ್ ಕೂಡ ಅವನ ಬೆನ್ನಿಗೆ ನಿಂತ.

ವಸುಧಾ: ದಕ್ಷಿಣದ ಬಿಳಿಯರ ಬೆಂಬಲವಿದ್ದ ಡೆಮಾಕ್ರಾಟರೂ ನಿಂತರಲ್ಲ! ತಮ್ಮವರನ್ನು ಬಿಟ್ಟು ಗ್ರೀಲಿಯನ್ನೇ ಅಭ್ಯರ್ಥಿ ಎಂದು ಒಪ್ಪಿಕೊಂಡರು. ಆಡಿದವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಆ ಮಾತು ಯಾರ ಕೈಗೆ ಆಯುಧವಾಗುತ್ತದೆ ಅನ್ನುವುದನ್ನೂ ನೋಡಬೇಕು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನರ ನಾಯಕ ಫ್ರೆಡರಿಕ್ ಡಗ್ಲಸ್ ಗ್ರಾಂಟ್ ಪರ ಪ್ರಚಾರಕ್ಕಿಳಿದದ್ದು ಸುಮ್ಮನೆ ಅಲ್ಲ.

ಶಂಕರಪ್ಪ: ನೊಂದವರು ಒಪ್ಪುವ ತನಕ ಕಾಯುವುದಾದರೆ ಯಾವ ಯುದ್ಧ ಮುಗಿದೀತು?

ವಸುಧಾ: ಅವರು ಒಪ್ಪಿದ್ದರು. ಗುಲಾಮನಾಗಿ ಹುಟ್ಟಿ, ಸೌತ್ ಕ್ಯಾರೊಲೈನಾದಿಂದ ಸಂಸತ್ತಿಗೆ ಹೋದ ಜೋಸೆಫ್ ರೇನಿ ಕ್ಷಮಾದಾನ ಬೇಡ ಅನ್ನಲಿಲ್ಲ. ಜೊತೆಗೆ ನಮ್ಮ ನಾಗರಿಕ ಹಕ್ಕಿಗೂ ಕಾನೂನು ಮಾಡಿ ಎಂದ. ಕ್ಷಮಾದಾನದ ಕಾಯ್ದೆ ಆ ಮೇ ತಿಂಗಳಲ್ಲೇ ಬಂತು. ಹಕ್ಕಿನ ಕಾಯ್ದೆ 1875ರ ತನಕ ತಡವಾಯಿತು. 1883ರಲ್ಲಿ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗವನ್ನೇ ರದ್ದು ಮಾಡಿತು.

ಶಂಕರಪ್ಪ: ಅಂದರೆ ಕ್ಷಮೆ ತಪ್ಪಲ್ಲ, ಅದನ್ನು ಒಂಟಿಯಾಗಿ ಕೊಟ್ಟದ್ದು ತಪ್ಪು ಅನ್ನುತ್ತೀಯ.

ವಸುಧಾ: ಹೌದು. ಕ್ಷಮಿಸಲು ನೊಂದವನು ಒಂದು ಷರತ್ತು ಹಾಕಿದ. ಷರತ್ತನ್ನು ಬದಿಗಿಟ್ಟು, ಅವನ ಹೆಸರಿನಲ್ಲಿ ಬೇರೆಯವರು ಕ್ಷಮಿಸಿಬಿಟ್ಟರು.

ಶಂಕರಪ್ಪ: ಪಕ್ಷಕ್ಕಂತೂ ಏನೂ ದಕ್ಕಲಿಲ್ಲ. ಗ್ರೀಲಿ ಗೆದ್ದದ್ದು ಆರೇ ರಾಜ್ಯ. ಚುನಾವಣೆಯಾಗಿ ತಿಂಗಳು ತುಂಬುವ ಮೊದಲೇ ತೀರಿಕೊಂಡ.

ವಸುಧಾ: ಪಕ್ಷ ಹೋಯಿತು, ಬೇಡಿಕೆ ಉಳಿಯಿತು. 1877ರಲ್ಲಿ ದಕ್ಷಿಣದ ಸರ್ಕಾರಗಳಿಗಿದ್ದ ಸೇನೆಯ ಕಾವಲನ್ನು ತೆಗೆದವರು ಇವರನ್ನು ಸೋಲಿಸಿದ ರಿಪಬ್ಲಿಕನ್ನರೇ. ಸಿನ್ಸಿನಾಟಿ ಸಮಾವೇಶದ ಅಧ್ಯಕ್ಷನಾಗಿದ್ದ ಕಾರ್ಲ್ ಶುರ್ಜ್ ಆಗ ಅವರ ಸಂಪುಟದಲ್ಲಿ ಮಂತ್ರಿ!

ಶಂಕರಪ್ಪ: ಹಾಗಾದರೆ ನಿಜವಾಗಿ ಸೋತವನು ಗ್ರೀಲಿಯೂ ಅಲ್ಲ.

ವಸುಧಾ: ಅಲ್ಲ. ಗ್ರಾಂಟ್‌ಗೆ ವೋಟು ಹಾಕಿ ಗೆದ್ದೆವು ಅಂದುಕೊಂಡಿದ್ದ ದಕ್ಷಿಣದ ಕಪ್ಪು ಜನ.