ಕನಿಕರವೂ ಮೆಚ್ಚುಗೆಯೂ

ಕಲಾವಿದನೊಬ್ಬನ ಕೃತಿಯನ್ನು ತೂಗುವಾಗ ಆತನು ಪಟ್ಟ ಕಷ್ಟವನ್ನೂ ತಕ್ಕಡಿಗೆ ಹಾಕಬಹುದೆ? ಕಣ್ಣಿಲ್ಲದವನು ರಚಿಸಿದ ಕಾವ್ಯವೆಂದು ತಿಳಿದೊಡನೆಯೆ ಓದುಗನ ಧ್ವನಿ ಮೆದುವಾಗುತ್ತದೆ. ದೋಷವು ಕಂಡರೂ ಹೇಳಲು ನಾಲಗೆ ಏಳುವುದಿಲ್ಲ. ಇದನ್ನು ಸೌಜನ್ಯವೆಂದೆಣಿಸುವವರೇ ಬಹಳ ಮಂದಿ. ಆದರೆ ಅಂತಹ ಮೆಚ್ಚುಗೆಯ ಒಡಲಿನಲ್ಲಿ ಒಂದು ಅವಮಾನವೂ ಅಡಗಿದೆ. 'ಇಷ್ಟಾದರೂ ಮಾಡಿದನಲ್ಲ' ಎಂಬ ಮಾತಿನೊಳಗೆ 'ಇದಕ್ಕಿಂತ ಹೆಚ್ಚು ಇವನಿಂದಾಗದು' ಎಂಬ ತೀರ್ಪು ಮೊದಲೇ ಕುಳಿತಿರುತ್ತದೆ. ಈ ತೊಡಕನ್ನು ಬಿಡಿಸಿ ನೋಡುವುದಕ್ಕೆ ಆಂಗ್ಲ ನಟನಾದ ಎಸ್ಮಂಡ್ ನೈಟನ ಜೀವನವು ತಕ್ಕ ನಿದರ್ಶನವಾಗಿದೆ.

೧೯೦೬ರಲ್ಲಿ ಹುಟ್ಟಿದ ನೈಟನು ಮೊದಮೊದಲು ನಾಯಕಪಾತ್ರಗಳ ದಾರಿಯಲ್ಲಿಯೇ ನಡೆದವನು. ೧೯೩೪ರಲ್ಲಿ ಹಿಚ್‌ಕಾಕನು ತೆಗೆದ 'ವಾಲ್ಟ್ಸಸ್ ಫ್ರಮ್ ವಿಯೆನ್ನಾ' ಎಂಬ ಚಿತ್ರದಲ್ಲಿ ಸಂಗೀತಗಾರ ಸ್ಟ್ರೌಸನ ಪಾತ್ರವು ಆತನದೇ ಆಗಿತ್ತು. ಯುದ್ಧವು ಬಂದಾಗ ನೌಕಾದಳವನ್ನು ಸೇರಿ 'ಪ್ರಿನ್ಸ್ ಆಫ್ ವೇಲ್ಸ್' ಎಂಬ ಯುದ್ಧನೌಕೆಯಲ್ಲಿ ಅಧಿಕಾರಿಯಾದನು. ೧೯೪೧ನೆಯ ಮೇ ೨೪ರಂದು ಜರ್ಮನರ 'ಬಿಸ್ಮಾರ್ಕ್' ನೌಕೆಯೊಡನೆ ನಡೆದ ಕಾಳಗದಲ್ಲಿ, ಜೊತೆಯ ಹಡಗಾದ 'ಹುಡ್' ನೋಡನೋಡುತ್ತ ಮುಳುಗಿ, ಅದರಲ್ಲಿದ್ದ ೧೪೧೮ ಮಂದಿಯಲ್ಲಿ ಮೂವರು ಮಾತ್ರ ಉಳಿದರು. 'ಪ್ರಿನ್ಸ್ ಆಫ್ ವೇಲ್ಸ್' ಮುಳುಗಲಿಲ್ಲ. ಆದರೆ ಅದಕ್ಕೂ ಗುಂಡುಗಳು ತಗುಲಿದವು. ನೈಟನ ಒಂದು ಕಣ್ಣು ಹೋಯಿತು, ಇನ್ನೊಂದರ ದೃಷ್ಟಿಯೂ ಆರಿತು. ಸುಮಾರು ಎರಡು ವರ್ಷಗಳ ತರುವಾಯ ಚಿಕಿತ್ಸೆಯ ಫಲವಾಗಿ ಆ ಉಳಿದ ಕಣ್ಣಿಗೆ ಅಲ್ಪಸ್ವಲ್ಪ ಬೆಳಕು ಮರಳಿತು, ಅಷ್ಟೆ.

ಚಲಚ್ಚಿತ್ರದ ಅಭಿನಯವಾದರೋ ಬಹುಮಟ್ಟಿಗೆ ಕಣ್ಣಿನ ಕೆಲಸ. ನೆಲದ ಮೇಲೆ ಸೀಮೆಸುಣ್ಣದಿಂದ ಮಾಡಿದ ಗುರುತಿಗೆ ಸರಿಯಾಗಿ ಬಂದು ನಿಲ್ಲಬೇಕು. ಆದರೆ ಕೆಳಗೆ ನೋಡಿದಂತೆ ತೋರಕೂಡದು. ಗುರುತು ತಪ್ಪಿದರೆ ದೀಪವು ಮುಖಕ್ಕೆ ಬೀಳದು, ಯಂತ್ರದಲ್ಲಿ ರೂಪವು ಮಸುಕಾದೀತು. ಎದುರಿನವನ ಕಣ್ಣಿನಲ್ಲಿ ಕಣ್ಣಿಟ್ಟು ಮಾತನಾಡಬೇಕು. ಇಂತಹ ಕಸುಬಿಗೆ ನೈಟನು ದೃಷ್ಟಿಯಿಲ್ಲದ ಸ್ಥಿತಿಯಲ್ಲಿಯೇ ಹಿಂದಿರುಗಿ, ೧೯೪೩ರ 'ದಿ ಸಿಲ್ವರ್ ಫ್ಲೀಟ್' ಚಿತ್ರದಲ್ಲಿ ನಾಟ್ಸಿ ಅಧಿಕಾರಿಯಾಗಿ ಅಭಿನಯಿಸಿದನು. ಮರುವರ್ಷ ಆಲಿವಿಯರನ 'ಐದನೆಯ ಹೆನ್ರಿ'ಯಲ್ಲಿ ಫ್ಲುಯೆಲೆನ್ ಆದನು: ಯುದ್ಧಶಾಸ್ತ್ರದ ವಿಧಿಗಳನ್ನು ಹೇಳಿ ಹೇಳಿ ಎಲ್ಲರನ್ನೂ ದಣಿಸುವ, ಬಾಯಿಬಡಕನಾದರೂ ನಿಷ್ಕಪಟಿಯಾದ ವೇಲ್ಸ್ ನಾಡಿನ ದಳಪತಿ. ತನ್ನ ನಾಡಿನ ಲಾಂಛನವಾದ ಸೊಪ್ಪನ್ನು ಹಳಿದವನಿಗೆ ಅದನ್ನೇ ತಿನ್ನಿಸಿಬಿಡುವ ಆಸಾಮಿ. ಅಲ್ಲಿಂದ ಮುಂದೆ ಆತನಿಗೆ ದೊರೆತವುಗಳೆಲ್ಲ ಹೆಚ್ಚಾಗಿ ಇಂತಹ ಉಪಪಾತ್ರಗಳೇ.

ನಾಯಕನಾಗಬೇಕಾದವನು ಉಪಪಾತ್ರಗಳಿಗೆ ಇಳಿದನಲ್ಲ ಎಂದು ಮರುಗುವುದು ಸುಲಭ. ಆದರೆ ನ್ಯಾಯದ ದೃಷ್ಟಿಯಿಂದ ನೋಡಿದರೆ ಈ ಸ್ಥಾನದಲ್ಲಿ ಒಂದು ವಿಚಿತ್ರವಾದ ಅನುಕೂಲವಿದೆ. ನಾಯಕನಟನು ತೆರೆಯ ಮೇಲೆ ಬಂದಾಗ ಆತನ ಮದುವೆ, ಮನೆ, ಕಾಯಿಲೆಗಳೆಲ್ಲ ಜೊತೆಯಲ್ಲಿಯೇ ಬರುತ್ತವೆ. ಪ್ರೇಕ್ಷಕನು ಪಾತ್ರವನ್ನು ನೋಡುವುದಕ್ಕೆ ಮೊದಲು ಮನುಷ್ಯನನ್ನು ನೋಡುತ್ತಾನೆ. ಉಪನಟನ ಹೆಸರಾದರೋ ಪಟ್ಟಿಯಲ್ಲಿ ಮಿಂಚಿ ಮಾಯವಾಗುವಂತಹದು. ಫ್ಲುಯೆಲೆನನನ್ನು ನೋಡಿ ನಕ್ಕವರಲ್ಲಿ ಆ ನಟನ ಕಣ್ಣಿನ ಸಂಗತಿಯನ್ನು ತಿಳಿಯದವನ ನಗೆಯಲ್ಲಿ ದಾಕ್ಷಿಣ್ಯದ ಲೇಶವೂ ಇರಲಾರದು. ಕನಿಕರದ ಬೆರಕೆಯಿಲ್ಲದ ಆ ನಗೆಗಿಂತ ಶುದ್ಧವಾದ ಬಹುಮಾನ ಇನ್ನಾವುದು?

ಹಾಗಾದರೆ ತಪ್ಪಿದಾಗ ತಪ್ಪೆಂದು ಹೇಳುವುದೂ ಆ ಗೌರವದ ಒಂದು ಭಾಗವೇ. ೧೯೪೭ರ 'ಬ್ಲ್ಯಾಕ್ ನಾರ್ಸಿಸಸ್' ಚಿತ್ರವು ಹಿಮಾಲಯದ ಕಥೆಯಾದರೂ ಇಂಗ್ಲೆಂಡಿನಲ್ಲಿಯೇ ತಯಾರಾದುದು. ಅದರಲ್ಲಿ ಕಿರಿಯ ಜನರಲನ ಪಾತ್ರವನ್ನು ಮೈಸೂರು ಸೀಮೆಯಲ್ಲಿ ಹುಟ್ಟಿ ಆನೆಗಳ ನಡುವೆ ಬೆಳೆದ ಸಾಬು ವಹಿಸಿದ್ದಾನೆ. ಹಿರಿಯ ಜನರಲನು ಬಣ್ಣ ಬಳಿದುಕೊಂಡ ನೈಟನು. ಸಾಬುವಿನ ಸಹಜವಾದ ಚೆಲುವಿನ ಪಕ್ಕದಲ್ಲಿ ಆ ಬಣ್ಣವು ಬಣ್ಣವಾಗಿಯೇ ಕಾಣುತ್ತದೆ. ಕಣ್ಣು ಕಳೆದುಕೊಂಡ ವೀರನೆಂದು ಇದನ್ನು ಹೇಳದೆ ಬಿಡುವುದು ಆತನನ್ನು ನಟರ ಸಾಲಿನಿಂದಲೇ ಹೊರಗಿಟ್ಟಂತೆ. ೧೯೫೧ರಲ್ಲಿ ಹೊರಬಂದ ರೆನ್ವಾರನ 'ದಿ ರಿವರ್' ಚಿತ್ರದಲ್ಲಾದರೋ, ಬಂಗಾಳದ ಗಂಗಾತೀರದ ಆಂಗ್ಲ ಕುಟುಂಬವೊಂದರ ತಂದೆಯಾಗಿ ಆತನು ಎಷ್ಟು ನಿರಾಯಾಸವಾಗಿ ಹೊಂದಿಕೊಂಡಿದ್ದಾನೆ! ತಾಯಿಯ ಪಾತ್ರದಲ್ಲಿದ್ದ ನೋರಾ ಸ್ವಿನ್‌ಬರ್ನ್ ನಿಜಜೀವನದಲ್ಲಿಯೂ ಆತನ ಪತ್ನಿಯೇ.

ಧೈರ್ಯಕ್ಕೆ ಸಲ್ಲತಕ್ಕುದು ಮನುಷ್ಯನಿಗೆ, ಅಭಿನಯಕ್ಕೆ ಸಲ್ಲತಕ್ಕುದು ಪಾತ್ರಕ್ಕೆ ಎಂದು ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಟ್ಟರೆ ವಿವಾದವು ಮುಗಿಯಿತೆಂದು ತೋರಬಹುದು. ಆದರೆ ನೈಟನ ಬಾಳು ಅಷ್ಟು ಸುಲಭವಾಗಿ ಮುಗಿಯಗೊಡುವುದಿಲ್ಲ. ೧೯೬೦ರಲ್ಲಿ ಲೂಯಿಸ್ ಗಿಲ್ಬರ್ಟನು 'ಸಿಂಕ್ ದಿ ಬಿಸ್ಮಾರ್ಕ್!' ಎಂಬ ಚಿತ್ರವನ್ನು ತೆಗೆದನು. ಅದರಲ್ಲಿ 'ಪ್ರಿನ್ಸ್ ಆಫ್ ವೇಲ್ಸ್' ನೌಕೆಯ ಕಪ್ತಾನನ ಪಾತ್ರವನ್ನು ವಹಿಸಿದವನು ಎಸ್ಮಂಡ್ ನೈಟನೇ. ತಾನು ದೃಷ್ಟಿಯನ್ನು ಕಳೆದುಕೊಂಡ ಅದೇ ಹಡಗು, ಅದೇ ಕಾಳಗ. ನಿಜವಾದ ಕಪ್ತಾನ ಲೀಚನು ೧೯೪೧ರ ಡಿಸೆಂಬರಿನಲ್ಲಿಯೇ ಮಲಯದ ಕಡಲಿನಲ್ಲಿ ಆ ಹಡಗಿನೊಡನೆ ಮಡಿದಿದ್ದನು. ಹತ್ತೊಂಬತ್ತು ವರ್ಷಗಳ ಮೇಲೆ, ಸತ್ತ ತನ್ನ ನಾಯಕನ ಉಡುಪನ್ನು ತೊಟ್ಟು, ಉಳಿದ ಒಂದು ಕಣ್ಣಿನ ಮಬ್ಬುಬೆಳಕಿನಲ್ಲಿ ಆತನು ಶತ್ರುವಿನ ಕಡೆಗೆ ನೋಡುತ್ತ ಆಜ್ಞೆ ಕೊಡುತ್ತಾನೆ.

ಸಂಗತಿಯನ್ನು ತಿಳಿಯದವನಿಗೆ ಅಲ್ಲಿ ಕಾಣುವುದು ಒಬ್ಬ ಕಪ್ತಾನನ ಕೆಲವು ನಿಮಿಷಗಳ ಪಾತ್ರ, ಅಚ್ಚುಕಟ್ಟಾದುದು. ತಿಳಿದವನಿಗಾದರೋ ಲೆಕ್ಕದ ಎರಡು ಪುಟಗಳೂ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬಾರವು.