ಆಟ, ಕಾಯಕ ಮತ್ತು ನ್ಯಾಯ: ಮಹಿಳಾ ವೃತ್ತಿಪರ ಫುಟ್‌ಬಾಲ್ ಲೀಗಿನ ತಾತ್ವಿಕ ನೆಲೆ

ಒಂದು ಸಮಾಜವು ಯಾವ ಶ್ರಮವನ್ನು ಕಾಯಕವೆಂದು ಗೌರವಿಸುತ್ತದೆ, ಯಾವುದನ್ನು ಹವ್ಯಾಸವೆಂದು ಬದಿಗಿಡುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅರ್ಥಶಾಸ್ತ್ರದ್ದೆನಿಸಿದರೂ ಅದರ ಬೇರು ಇರುವುದು ನೀತಿಶಾಸ್ತ್ರದಲ್ಲಿ. ಭಾರತದಲ್ಲಿ ಮಹಿಳೆಯರ ವೃತ್ತಿಪರ ಫುಟ್‌ಬಾಲ್ ಲೀಗನ್ನು ಕಟ್ಟುವ ಪ್ರಯತ್ನವು ಎದುರಿಸುತ್ತಿರುವ ತೊಡಕುಗಳನ್ನು ಹಣದ ಕೊರತೆ, ಪ್ರೇಕ್ಷಕರ ಕೊರತೆ, ಮೈದಾನದ ಕೊರತೆ ಎಂದು ಪಟ್ಟಿ ಮಾಡುವುದು ಸುಲಭ; ಆದರೆ ಈ ಎಲ್ಲ ಕೊರತೆಗಳ ಹಿಂದೆ ಹೆಣ್ಣಿನ ಆಟಕ್ಕೆ ಬೆಲೆ ಕಟ್ಟುವವರು ಯಾರು, ಆ ಬೆಲೆಯನ್ನು ಮೊದಲು ಒಪ್ಪಬೇಕಾದದ್ದು ಮಾರುಕಟ್ಟೆಯೋ ಸಮಾಜವೋ ಎಂಬ ಇನ್ನೂ ಆಳವಾದ ಪ್ರಶ್ನೆಯಿದೆ. ಇಲ್ಲಿ ವೃತ್ತಿಪರ ಲೀಗ್ ಎಂದರೆ ವರ್ಷದ ನಿಗದಿತ ತಿಂಗಳುಗಳಲ್ಲಿ ತಂಡಗಳು ತಮ್ಮ ಊರಿನಲ್ಲೂ ಎದುರಾಳಿಯ ಊರಿನಲ್ಲೂ ಸರದಿಯಂತೆ ಆಡುವ, ಆಟಗಾರ್ತಿಯರಿಗೆ ಲಿಖಿತ ಕರಾರು, ಸಂಬಳ ಮತ್ತು ಚಿಕಿತ್ಸೆಯ ಭದ್ರತೆ ಇರುವ ಸ್ಥಿರ ವ್ಯವಸ್ಥೆ. ಕೆಲವೇ ದಿನಗಳಲ್ಲಿ ನಡೆದು ಮುಗಿಯುವ ಪಂದ್ಯಾವಳಿಗೂ ಅದಕ್ಕೂ ಇರುವ ಅಂತರವೆಂದರೆ ಸಂಭ್ರಮಕ್ಕೂ ಜೀವನೋಪಾಯಕ್ಕೂ ಇರುವ ಅಂತರವೇ.

ಈ ಅಂತರವನ್ನು ನವಿ ಮುಂಬಯಿಯಷ್ಟು ಸ್ಪಷ್ಟವಾಗಿ ತೋರಿಸುವ ಪ್ರದೇಶಗಳು ಕಡಿಮೆ. ಸಿಡ್ಕೊ ಸಂಸ್ಥೆ ಯೋಜಿಸಿ ಬೆಳೆಸಿದ ಬಡಾವಣೆಗಳಲ್ಲಿ ಒಂದಾದ, ಈಗ ಪನ್ವೇಲ್ ಮಹಾನಗರಪಾಲಿಕೆಗೆ ಸೇರಿದ ಕಾಮೋಠೆಯ ಮಾನಸರೋವರ ನಿಲ್ದಾಣದಿಂದ ಹಾರ್ಬರ್ ಮಾರ್ಗದಲ್ಲಿ ಖಾರ್ಘರ್, ಬೇಲಾಪುರ, ಸೀವುಡ್ಸ್ ದಾಟಿದರೆ ನೆರೂಳ್ ಸಿಗುತ್ತದೆ. ಅಲ್ಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2022ರ ಫೆಬ್ರವರಿ 6ರಂದು ಏಷ್ಯಾದ ಮಹಿಳಾ ಫುಟ್‌ಬಾಲ್ ಕಪ್‌ನ ಅಂತಿಮ ಪಂದ್ಯ ನಡೆದು ಚೀನಾ ದಕ್ಷಿಣ ಕೊರಿಯಾವನ್ನು 3–2ರಿಂದ ಸೋಲಿಸಿತು. ಅದೇ ವರ್ಷದ ಅಕ್ಟೋಬರ್ 30ರಂದು 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್‌ನ ಅಂತಿಮ ಪಂದ್ಯದಲ್ಲಿ ಸ್ಪೇನ್ ಕೊಲಂಬಿಯಾವನ್ನು 1–0ರಿಂದ ಮಣಿಸಿತು. ಏಷ್ಯಾ ಕಪ್‌ನ ಆತಿಥೇಯ ಭಾರತ ತಂಡ ಇರಾನ್ ವಿರುದ್ಧ ಗೋಲಿಲ್ಲದ ಸಮ ಮಾಡಿಕೊಂಡ ಮೇಲೆ, ತಂಡದೊಳಗೆ ಕೋವಿಡ್ ಹರಡಿದ್ದರಿಂದ ಎರಡನೆಯ ಪಂದ್ಯಕ್ಕೆ ಆಟಗಾರ್ತಿಯರೇ ಸಾಲದೆ ಪಂದ್ಯಾವಳಿಯಿಂದ ಹೊರಬಿದ್ದಿತು. ಹೀಗೆ ಒಂದೇ ವರ್ಷದಲ್ಲಿ ಏಷ್ಯಾ ಮಟ್ಟದ ಮತ್ತು ವಿಶ್ವಮಟ್ಟದ ಎರಡು ಅಂತಿಮ ಪಂದ್ಯಗಳಿಗೆ ನೆಲ ಕೊಟ್ಟ ಈ ನಗರದಲ್ಲಿ, ಫುಟ್‌ಬಾಲ್ ಆಡಿಯೇ ಬದುಕುತ್ತೇನೆ ಎಂದು ಹೊರಡುವ ಹುಡುಗಿಗೆ ದಾರಿ ತೋರುವ ಸ್ಥಿರ ವ್ಯವಸ್ಥೆ ಇನ್ನೂ ರೂಪುಗೊಂಡಿಲ್ಲ.

ದೇಶದ ಮಟ್ಟದಲ್ಲಿ ಅಂಥ ವ್ಯವಸ್ಥೆಯನ್ನು ಕಟ್ಟುವ ಪ್ರಯತ್ನದ ಹೆಸರು ಇಂಡಿಯನ್ ವುಮೆನ್ಸ್ ಲೀಗ್. ಅದರ ಮೊದಲ ಅಂತಿಮ ಸುತ್ತು 2017ರ ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ದೆಹಲಿಯ ಒಂದೇ ಮೈದಾನದಲ್ಲಿ ಆರು ತಂಡಗಳ ನಡುವೆ ನಡೆದು, ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಪ್ರಶಸ್ತಿ ಗೆದ್ದಿತು. ಮುಂದಿನ ವರ್ಷಗಳಲ್ಲಿ ಅದು ಶಿಲ್ಲಾಂಗ್, ಲುಧಿಯಾನಾ, ಬೆಂಗಳೂರು, ಭುವನೇಶ್ವರ, ಅಹಮದಾಬಾದ್ ಎಂದು ಊರೂರು ಸುತ್ತಿತು. ಮನೆಯಂಗಳದ ಪಂದ್ಯವೂ ಹೊರಊರಿನ ಪಂದ್ಯವೂ ಇರುವ ಕ್ರಮ ಬಂದದ್ದು 2023–24ರಲ್ಲಿ, ಅದೂ ಏಳು ತಂಡಗಳೊಂದಿಗೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಅವುಗಳಲ್ಲಿ ಒಂದು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಪ್ರತಿ ಕ್ಲಬ್ಬು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ಸಂಬಳ ಕೊಡಬೇಕೆಂದು 2023ರಲ್ಲಿ ನಿರ್ಧರಿಸಿತು. ತಿಂಗಳಿಗೆ ಸುಮಾರು 26,700 ರೂಪಾಯಿಯಾಗುವ ಈ ಮೊತ್ತ ದೊಡ್ಡದಲ್ಲವಾದರೂ, ಆಟಕ್ಕೆ ಸಂಬಳವೆಂಬುದು ಕೊಡುವವರ ಮರ್ಜಿಗೆ ಬಿಟ್ಟ ವಿಷಯವಲ್ಲ ಎಂಬ ತತ್ತ್ವವನ್ನು ಒಕ್ಕೂಟ ಮೊದಲ ಬಾರಿಗೆ ನಿಯಮದ ರೂಪದಲ್ಲಿ ಒಪ್ಪಿಕೊಂಡಿತು.

ಈ ತತ್ತ್ವಕ್ಕೆ ಎದುರಾಗುವ ಮೊದಲ ಆಕ್ಷೇಪ ಮಾರುಕಟ್ಟೆಯದು. ನೋಡುವವರಿಲ್ಲದ ಆಟಕ್ಕೆ ಸಂಬಳ ಎಲ್ಲಿಂದ ಬರಬೇಕು, ಜನರ ಆಸಕ್ತಿಯೇ ಬೆಲೆಯನ್ನು ತೀರ್ಮಾನಿಸಲಿ ಎಂಬ ಈ ವಾದದಲ್ಲಿ ಒಂದು ಪ್ರಾಮಾಣಿಕತೆ ಇದೆಯಾದರೂ, ಜನರ ಆಸಕ್ತಿ ಮಳೆ ಬಿಸಿಲಿನಂತೆ ಪ್ರಕೃತಿಯಿಂದ ಬಂದದ್ದೆಂದು ಅದು ಭಾವಿಸುತ್ತದೆ. ಚರಿತ್ರೆ ಬೇರೆ ಮಾತು ಹೇಳುತ್ತದೆ. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಡಿಕ್, ಕೆರ್ ಲೇಡೀಸ್ ತಂಡದ ಪಂದ್ಯ ನೋಡಲು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಸುಮಾರು 53,000 ಜನ ಸೇರಿದ್ದರು. ಮರುವರ್ಷದ ಡಿಸೆಂಬರ್ 5ರಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ಸಲ್ಲದೆಂದು ಸಾರಿ, ತನ್ನ ಸದಸ್ಯ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಬಾರದೆಂದು ವಿಧಿಸಿತು, ಮತ್ತು ಆ ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ, ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ ಇಂಥದೇ ನಿರ್ಬಂಧಗಳಿದ್ದವು. ಪ್ರೇಕ್ಷಕರನ್ನು ಮೊದಲು ಚದುರಿಸಿ, ಆಮೇಲೆ ಪ್ರೇಕ್ಷಕರಿಲ್ಲವೆಂಬ ಕಾರಣವನ್ನೇ ಮುಂದಿಟ್ಟು ಬಂಡವಾಳ ನಿರಾಕರಿಸುವುದು ತರ್ಕದ ದೃಷ್ಟಿಯಿಂದ ಚಕ್ರಕ ದೋಷ, ಅಂದರೆ ಸಾಧಿಸಬೇಕಾದುದನ್ನೇ ಆಧಾರವಾಗಿ ಹಿಡಿಯುವ ತಪ್ಪು. ನೀತಿಯ ದೃಷ್ಟಿಯಿಂದ ಅದು ಅನ್ಯಾಯದ ಫಲವನ್ನೇ ಅನ್ಯಾಯಕ್ಕೆ ಸಮರ್ಥನೆಯಾಗಿ ಬಳಸುವುದು.

ಭಾರತದಲ್ಲಿ ಅಂಥ ಲಿಖಿತ ನಿಷೇಧ ಇರಲಿಲ್ಲ. 1975ರಲ್ಲಿ ರೂಪುಗೊಂಡ ಭಾರತೀಯ ಮಹಿಳಾ ಫುಟ್‌ಬಾಲ್ ಒಕ್ಕೂಟದ ಕಾಲದಲ್ಲಿ ಭಾರತ ತಂಡ ಏಷ್ಯಾ ಕಪ್‌ನ 1979ರ ಮತ್ತು 1983ರ ಆವೃತ್ತಿಗಳಲ್ಲಿ ಎರಡನೆಯ ಸ್ಥಾನ ಪಡೆದಿತ್ತು. ಆದರೆ ನಿಷೇಧದ ಕೆಲಸವನ್ನು ಇಲ್ಲಿ ಮನೆಯ ಕಟ್ಟುಪಾಡು, ಮದುವೆಯ ವಯಸ್ಸಿನ ಲೆಕ್ಕ, ಬಿಸಿಲಿಗೆ ಮೈ ಕಪ್ಪಾಗುತ್ತದೆಂಬ ಮಾತು, ಸಂಜೆಯ ಮೈದಾನ ಹುಡುಗರಿಗೇ ಮೀಸಲೆಂಬ ರೂಢಿ ಸದ್ದಿಲ್ಲದೆ ಮಾಡಿದವು. ಬಹುಕಾಲದ ನಿರಾಕರಣೆಗೆ ಒಗ್ಗಿಹೋದ ಮನಸ್ಸು ತನಗೆ ಸಿಗದುದನ್ನು ಬಯಸುವುದನ್ನೇ ಬಿಟ್ಟುಬಿಡುತ್ತದೆ ಎಂದು ಅಮರ್ತ್ಯ ಸೇನ್ ಮತ್ತು ಮಾರ್ಥಾ ನುಸ್‌ಬಾಮ್ ವಿವರಿಸಿದ್ದಾರೆ. ಮನುಷ್ಯ ಘನತೆಯಿಂದ ಬಾಳಲು ಬೇಕಾದ ಹತ್ತು ಮೂಲ ಸಾಮರ್ಥ್ಯಗಳನ್ನು ಗುರುತಿಸಿದ ನುಸ್‌ಬಾಮ್ ಅವುಗಳಲ್ಲಿ ಆಟಕ್ಕೂ ಸ್ಥಾನ ಕೊಟ್ಟಿರುವುದು ಇಲ್ಲಿ ಗಮನಾರ್ಹ. ಹುಡುಗಿಯರಿಗೆ ಫುಟ್‌ಬಾಲ್ ಇಷ್ಟವಿಲ್ಲ ಎಂಬ ಮಾತನ್ನು ಅವರ ಸ್ವತಂತ್ರ ಆಯ್ಕೆಯೆಂದು ಸ್ವೀಕರಿಸುವ ಮೊದಲು ಆಯ್ಕೆ ಅವರ ಮುಂದೆ ನಿಜವಾಗಿ ಇತ್ತೇ ಎಂದು ಕೇಳಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು ಮತ್ತು ಧಾರ್ಮಿಕ ಚಿಂತನೆಗೆ ಹತ್ತಿರವಾದದ್ದು. ಆಟವೆಂಬುದು ಲೀಲೆ, ಅಂದರೆ ತನಗಿಂತ ಹೊರಗಿನ ಪ್ರಯೋಜನವನ್ನು ಅಪೇಕ್ಷಿಸದ ಆನಂದದ ಕ್ರಿಯೆ. ಬ್ರಹ್ಮಸೂತ್ರಗಳು ಜಗತ್ತಿನ ಸೃಷ್ಟಿಯನ್ನೂ ಹಾಗೆಯೇ ಕಾಣುತ್ತವೆ. ಅದಕ್ಕೆ ಸಂಬಳ ಕಟ್ಟಿದರೆ ಅದರ ಶುದ್ಧಿ ಕೆಡುತ್ತದೆ, ಪ್ರೀತಿಗಾಗಿ ಆಡುವುದೇ ಶ್ರೇಷ್ಠ, ಫಲವನ್ನು ಬಯಸದ ಕರ್ಮವೇ ಗೀತೆಯ ಉಪದೇಶವಲ್ಲವೇ ಎಂದು ಈ ಪಕ್ಷ ಕೇಳುತ್ತದೆ. ಈ ಮಾತಿನಲ್ಲಿ ಒಂದು ಸತ್ಯಾಂಶವಿದೆ: ಹಣಕ್ಕಾಗಿ ಮಾತ್ರ ಆಡುವ ಆಟ ಬಹುಬೇಗ ಆಟವಾಗಿ ಉಳಿಯುವುದಿಲ್ಲ. ಆದರೂ ಫಲತ್ಯಾಗದ ತತ್ತ್ವವನ್ನು ಯಾರು ಯಾರಿಗೆ ಬೋಧಿಸುತ್ತಿದ್ದಾರೆ ಎಂಬುದನ್ನು ನೋಡದೆ ಅದನ್ನು ಒಪ್ಪಲಾಗದು. ತ್ಯಾಗ ಎಂಬುದಕ್ಕೆ ಅರ್ಥ ಬರುವುದು ತ್ಯಜಿಸುವವರಿಗೆ ಆ ವಸ್ತುವಿನ ಮೇಲೆ ಹಕ್ಕಿದ್ದಾಗ. ಹಕ್ಕೇ ಇಲ್ಲದವರ ಮುಂದೆ ತ್ಯಾಗದ ಮಹಿಮೆಯನ್ನು ಹೇಳುವುದು ಅವರ ಬರಿಗೈಯನ್ನು ಸದ್ಗುಣವೆಂದು ಹೊಗಳಿ ಸುಮ್ಮನಾಗಿಸುವ ಉಪಾಯವಾಗುತ್ತದೆ. ನಿಷ್ಕಾಮ ಕರ್ಮ ಸಾಧಕರು ತಮ್ಮ ಮೇಲೆ ತಾವೇ ಹಾಕಿಕೊಳ್ಳುವ ಶಿಸ್ತು. ಕೂಲಿ ಕೊಡಬೇಕಾದವರು ಕೆಲಸ ಮಾಡಿದವರ ಮೇಲೆ ಹೇರಬಹುದಾದ ನಿಯಮವಲ್ಲ.

ಈ ತೊಡಕಿಗೆ ಕನ್ನಡದ ಶರಣ ಪರಂಪರೆ ಹೆಚ್ಚು ಸಮರ್ಪಕವಾದ ಉತ್ತರ ಕೊಡುತ್ತದೆ. 12ನೇ ಶತಮಾನದ ಶರಣರ ಕಾಯಕ ತತ್ತ್ವದಲ್ಲಿ ದುಡಿಮೆ ಪೂಜೆಗೆ ಕೆಳಗಿನ ಮೆಟ್ಟಿಲಲ್ಲ, ಅದೇ ಪೂಜೆ. ವೃತ್ತಿಗಳ ನಡುವೆ ಮೇಲು ಕೀಳಿಲ್ಲ, ದುಡಿಯುವವರು ಹೆಣ್ಣೋ ಗಂಡೋ ಎಂಬ ಭೇದ ಆತ್ಮದ ಮಟ್ಟದಲ್ಲಿ ನಿಲ್ಲುವುದಿಲ್ಲ. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದು ಆಸೆಯ ಗುರುತೆಂದು ಆಕ್ಷೇಪಿಸಿ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದವಳು ಅವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಈ ಪ್ರಸಂಗವನ್ನು ಸಾಮಾನ್ಯವಾಗಿ ಅತಿಯಾಸೆಯ ಖಂಡನೆಯೆಂದು ಓದಲಾಗುತ್ತದೆ. ಆದರೆ ಕಾಯಕಕ್ಕೆ ತಕ್ಕ ಅಳತೆಯ ಪ್ರತಿಫಲವೊಂದು ಇದೆ, ಅದಕ್ಕಿಂತ ಹೆಚ್ಚು ತರುವುದು ತಪ್ಪು ಎಂದ ಮೇಲೆ, ಆ ಅಳತೆಯಷ್ಟನ್ನೂ ದುಡಿಯುವವರಿಗೆ ತಲುಪಗೊಡದಿರುವುದು ಅಷ್ಟೇ ತಪ್ಪು ಎಂಬುದು ಅದರಲ್ಲೇ ಅಡಗಿದೆ. ಆಟಗಾರ್ತಿಯ ನಿತ್ಯದ ಅಭ್ಯಾಸ, ಗಾಯ, ಊಟದ ಕಟ್ಟುನಿಟ್ಟು, ಓದು ಮತ್ತು ಮನೆಯಿಂದ ದೂರವಿರುವ ತಿಂಗಳುಗಳು ಏಕನಿಷ್ಠೆಯ ದುಡಿಮೆಯೇ ಆಗಿರುವುದರಿಂದ ಅವಳ ಆಟ ಆನಂದವಾಗಿ ಲೀಲೆಯೂ ಹೌದು, ಶ್ರಮವಾಗಿ ಕಾಯಕವೂ ಹೌದು. ಸಂಬಳವು ಲೀಲೆಯನ್ನು ಕೆಡಿಸುವ ಬದಲು ಅದನ್ನು ಮೂವತ್ತರ ವಯಸ್ಸಿನವರೆಗೆ ಉಳಿಸುವ ಆಸರೆಯಾಗುತ್ತದೆ.

ಕಾಯಕದ ಜೊತೆಗೆ ಬರುವ ಇನ್ನೊಂದು ತತ್ತ್ವ ದಾಸೋಹ. ದಾನದಲ್ಲಿ ಕೊಡುವವರು ಮೇಲೆ, ಪಡೆಯುವವರು ಕೆಳಗೆ. ಮನಸ್ಸು ಬದಲಾದರೆ ದಾನ ನಿಲ್ಲುತ್ತದೆ. ದಾಸೋಹದಲ್ಲಿ ಕೊಡುವವರು ತಮ್ಮದನ್ನು ಕೊಡುತ್ತಿದ್ದೇವೆಂದು ಭಾವಿಸದೆ, ಸಮುದಾಯಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುತ್ತಾರೆ. ಪುರುಷರ ಕ್ಲಬ್ಬುಗಳ ಉಳಿಕೆ ಹಣದಲ್ಲಿ ಮಹಿಳಾ ತಂಡ ನಡೆಸುವ ಕ್ರಮ ಬಹುಮಟ್ಟಿಗೆ ದಾನದ ಮಾದರಿಯಲ್ಲೇ ಉಳಿದಿದೆ ಎಂಬುದಕ್ಕೆ ಬೆಂಗಳೂರಿನಲ್ಲಿ ಮೊದಲಾದ ಒಂದು ಘಟನೆ ಸಾಕ್ಷಿ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಪರವಾಗಿ ಸುನಿಲ್ ಛೆಟ್ರಿ ಹೊಡೆದ ಗೋಲನ್ನು ವಿರೋಧಿಸಿ ಕೇರಳ ಬ್ಲಾಸ್ಟರ್ಸ್‌ನ ಪುರುಷರ ತಂಡ ಆಟ ಬಿಟ್ಟು ಹೊರನಡೆಯಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಜೂನ್ ತಿಂಗಳಲ್ಲಿ ಆ ಕ್ಲಬ್ಬು ದಂಡದ ಹೊರೆಯನ್ನು ಕಾರಣವಾಗಿ ಹೇಳಿ ತನ್ನ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮೈದಾನ ಬಿಟ್ಟವರು ಒಬ್ಬರು, ತಂಡ ಕಳೆದುಕೊಂಡವರು ಇನ್ನೊಬ್ಬರು. ಅದಕ್ಕೂ ಹಿಂದೆ, 2022ರ ಆಗಸ್ಟ್‌ನಲ್ಲಿ ಒಕ್ಕೂಟದ ಆಡಳಿತದ ಗೊಂದಲಕ್ಕಾಗಿ ಫಿಫಾ ಭಾರತವನ್ನು ಅಮಾನತುಗೊಳಿಸಿದಾಗ, ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ತಂಡ ಆಡದೆ ಮರಳಿತು. ಒಬ್ಬರ ಕರ್ಮದ ಫಲವನ್ನು ಮತ್ತೊಬ್ಬರು ಉಣ್ಣುವ ಈ ಸ್ಥಿತಿಯನ್ನು ಯಾವ ಕರ್ಮಸಿದ್ಧಾಂತವೂ ನ್ಯಾಯವೆನ್ನುವುದಿಲ್ಲ.

ಹಾಗಾದರೆ ದಾಸೋಹದ ಮಾದರಿಯ ಲೀಗ್ ಹೇಗಿರಬೇಕು ಎಂಬುದಕ್ಕೆ ಎರಡು ಕಡೆಯ ಅನುಭವ ಉಪಯುಕ್ತ. ಅಮೆರಿಕದಲ್ಲಿ 2001ರಲ್ಲಿ ಆರಂಭವಾದ ಮೊದಲ ಮಹಿಳಾ ವೃತ್ತಿಪರ ಲೀಗ್ 2003ರಲ್ಲಿ ನಿಂತಿತು. 2009ರಲ್ಲಿ ಬಂದ ಎರಡನೆಯದು ಮೂರು ಋತುಗಳಲ್ಲಿ ಮುಗಿಯಿತು. 2013ರಲ್ಲಿ ಶುರುವಾದ ಮೂರನೆಯದು ಉಳಿಯಿತು, ಏಕೆಂದರೆ ಆರಂಭದಲ್ಲಿ ರಾಷ್ಟ್ರೀಯ ತಂಡದ ಆಟಗಾರ್ತಿಯರ ಸಂಬಳವನ್ನು ಆಯಾ ದೇಶದ ಫುಟ್‌ಬಾಲ್ ಸಂಸ್ಥೆಗಳೇ ಹೊತ್ತವು ಮತ್ತು ಲೀಗ್ ತನ್ನ ಖರ್ಚನ್ನು ಅಳತೆಯಲ್ಲಿಟ್ಟಿತು. ಇನ್ನೊಂದು ಅನುಭವ ನಮ್ಮಲ್ಲಿನದೇ: ನವಿ ಮುಂಬಯಿಯ ಅದೇ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 4ರಂದು ಮಹಿಳಾ ಕ್ರಿಕೆಟ್‌ನ ಪ್ರೀಮಿಯರ್ ಲೀಗ್ ಮೊದಲಾಯಿತು, 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ಅಲ್ಲೇ ಏಕದಿನ ವಿಶ್ವಕಪ್ ಗೆದ್ದರು. ಕ್ರಿಕೆಟ್‌ಗೆ ಇರುವ ಹಣಬಲ ಫುಟ್‌ಬಾಲ್‌ಗಿಲ್ಲ; ಪುರುಷರ ಇಂಡಿಯನ್ ಸೂಪರ್ ಲೀಗಿನ ಋತುವೇ 2025ರಲ್ಲಿ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ತಡೆಹಿಡಿಯಲ್ಪಟ್ಟಿತು. ಆದುದರಿಂದಲೇ ಮಹಿಳಾ ಲೀಗಿನ ಭಾರವನ್ನು ಪುರುಷರ ಲೀಗಿನ ಲಾಭಕ್ಕೆ ಕಟ್ಟಿಹಾಕದೆ, ಒಕ್ಕೂಟ, ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ ಮತ್ತು ಸಮುದಾಯ ಹಂಚಿಕೊಂಡು ಹೊರುವ ಪ್ರತ್ಯೇಕ ನಿಧಿಯ ಅಗತ್ಯವಿದೆ.

ಫಲ ಕಾಣುವ ಮೊದಲೇ ಸಂಸ್ಥೆಯನ್ನು ಕಟ್ಟುವುದು ಮುಂಬಯಿ ಕನ್ನಡಿಗರಿಗೆ ಅಪರಿಚಿತವಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಇಲ್ಲಿನ ಸಂಘಗಳು ರಾತ್ರಿ ಶಾಲೆಗಳನ್ನು ತೆರೆದಾಗ, ಆ ಹುಡುಗರಲ್ಲಿ ಓದಿನ ಬೇಡಿಕೆ ಎಷ್ಟಿದೆ, ಶುಲ್ಕದಿಂದ ಖರ್ಚು ಹುಟ್ಟುತ್ತದೆಯೇ ಎಂದು ಲೆಕ್ಕ ಹಾಕುತ್ತ ಕೂರಲಿಲ್ಲ; ಶಾಲೆ ತೆರೆದ ಮೇಲೆ ವಿದ್ಯಾರ್ಥಿಗಳು ಬಂದರು, ಅವರಲ್ಲಿ ಅನೇಕರು ಪದವೀಧರರೂ ಉದ್ಯಮಿಗಳೂ ಆಗಿ ಅದೇ ಸಂಘಗಳನ್ನು ಬೆಳೆಸಿದರು. ಆ ಸೌಲಭ್ಯ ಆಗ ಹೆಚ್ಚಾಗಿ ಗಂಡುಮಕ್ಕಳಿಗೆ ಒದಗಿತು. ಅದೇ ಬಗೆಯ ವಿಶ್ವಾಸವನ್ನು ಇಂದು ಹೆಣ್ಣುಮಕ್ಕಳ ಆಟದ ಮೇಲೆ ಇಡಬೇಕಾಗಿದೆ. 2025ರ ಜುಲೈನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ, ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯಾ ಕಪ್‌ಗೆ ದಾರಿ ಮಾಡಿಕೊಂಡ ಭಾರತ ತಂಡವು ಆ ವಿಶ್ವಾಸಕ್ಕೆ ಬೇಕಾದ ಆಧಾರವನ್ನು ಈಗಾಗಲೇ ಕೊಟ್ಟಿದೆ.

ಸಂಬಳ, ಕರಾರು ಮತ್ತು ಮೈದಾನ ಮಹಿಳಾ ಫುಟ್‌ಬಾಲ್‌ಗೆ ತೋರುವ ಔದಾರ್ಯವಲ್ಲ, ಬಹುಕಾಲದಿಂದ ಬಾಕಿ ಉಳಿದ ಋಣ. ಋಣವನ್ನು ತೀರಿಸುವವರು ಸಾಲ ಕೊಟ್ಟವರ ಮುಂದೆ ಲಾಭದ ಖಾತರಿ ಕೇಳುವುದು ಧರ್ಮವಲ್ಲ. ಈ ಋಣದ ಒಂದು ಪಾಲು ಒಕ್ಕೂಟದ ಕಚೇರಿಯಲ್ಲಿ ತೀರಬೇಕಾದರೆ ಇನ್ನೊಂದು ಪಾಲು ಕಾಮೋಠೆ, ಖಾರ್ಘರ್, ಡೊಂಬಿವಲಿ, ಠಾಣೆಗಳ ಮನೆಗಳಲ್ಲಿ ತೀರಬೇಕು. ಇಲ್ಲಿನ ಕನ್ನಡ ಸಂಘಗಳು ತಮ್ಮ ವಾರ್ಷಿಕ ಕ್ರೀಡಾಕೂಟಗಳಲ್ಲಿ ಹುಡುಗಿಯರ ಫುಟ್‌ಬಾಲ್‌ಗೆ ಸ್ಥಾನ ಕೊಡಲಿ, ಬಡಾವಣೆಯ ಮೈದಾನದಲ್ಲಿ ವಾರಕ್ಕೆ ಕೆಲವು ಸಂಜೆಗಳನ್ನು ಅವರಿಗೆ ಮೀಸಲಿಡುವಂತೆ ಪಾಲಿಕೆಯನ್ನು ಕೇಳಲಿ, ತಂದೆತಾಯಿಗಳು ಮಗನ ಪಂದ್ಯಕ್ಕೆ ಹೋಗುವಂತೆ ಮಗಳ ಪಂದ್ಯಕ್ಕೂ ಟಿಕೆಟು ಕೊಂಡು ಹೋಗಿ ಕೂರಲಿ.