ಹೊರಟಲ್ಲಿಗೇ ಮರಳುವ ಸವಾರಿ

ಹೊಲಗದ್ದೆ, ಕೆರೆಯೇರಿ, ಕಾಡಂಚುಗಳ ನಡುವೆ ಸೈಕಲ್ ತುಳಿಯುತ್ತ ಸಾವಕಾಶವಾಗಿ ಸುತ್ತಿಬರುವುದರಲ್ಲಿ ಪ್ರಯಾಣದ ಲಕ್ಷಣಗಳೆಲ್ಲ ಇವೆ. ದಾರಿಯಿದೆ, ದೂರವಿದೆ, ದಣಿವಿದೆ. ಆದರೆ ಪ್ರಯಾಣಕ್ಕೆ ಕಾರಣವಾಗುವ ಸಂಗತಿಯೇ ಇಲ್ಲ: ಸವಾರ ಎಲ್ಲಿಂದ ಹೊರಟನೋ ಅಲ್ಲಿಗೇ ಬಂದು ಇಳಿಯುತ್ತಾನೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟವನನ್ನು ಏಕೆ ಹೋಗುತ್ತೀ ಎಂದು ಯಾರೂ ಕೇಳುವುದಿಲ್ಲ. ಸುಮ್ಮನೆ ಸುತ್ತುವವನಿಗೆ ಆ ಪ್ರಶ್ನೆ ತಪ್ಪಿದ್ದಲ್ಲ. ಮೈಗೆ ಒಳ್ಳೆಯದು, ಮನಸ್ಸು ಹಗುರಾಗುತ್ತದೆ ಎಂಬ ಉತ್ತರಗಳು ಸುಳ್ಳೇನಲ್ಲ. ಆದರೂ ಅವು ಸಾಲವು. ಮೈಗೆ ಕಸರತ್ತು ಬೇಕಿದ್ದರೆ ಕೋಣೆಯಲ್ಲಿ ನಿಂತಲ್ಲೇ ತುಳಿಯುವ ಯಂತ್ರವೇ ಸಾಕು. ಏರು, ಇಳಿಜಾರು, ಎದುರುಗಾಳಿಗಳ ಗೊಡವೆ ಬೇಕಿಲ್ಲ. ಎಣಿಸಬಹುದಾದ ಲಾಭಗಳನ್ನೆಲ್ಲ ಕಳೆದ ಮೇಲೂ ಈ ಸವಾರಿಯಲ್ಲಿ ಏನು ಉಳಿಯುತ್ತದೆ, ಉಳಿದದ್ದಕ್ಕೆ ಬೆಲೆಯಿದೆಯೇ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ವಿರಾಮದ ದಿನ ದೇವರಿಗೆ ಸೇರಿದ್ದು ಎಂದು ನಂಬಿದವರಿಗೆ ಅದು ಧರ್ಮದ ಪ್ರಶ್ನೆಯೂ ಆಯಿತು.

ಎರಡು ಚಕ್ರದ ವಾಹನದ ಮೊದಲ ಸವಾರಿಯೆಂದು ದಾಖಲಾದದ್ದೂ ಹೋಗಿ ಮರಳಿದ ಸವಾರಿಯೇ. 1817ರ ಜೂನ್ 12ರಂದು ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ತಾನು ಕಟ್ಟಿದ ಓಡುಯಂತ್ರದ ಮೇಲೆ ಮನ್‌ಹೈಮ್‌ನಿಂದ ಹೊರಟು, ಶ್ವೆಟ್ಸಿಂಗೆನ್ ದಾರಿಯಲ್ಲಿದ್ದ ಕುದುರೆ ಬದಲಿಸುವ ಠಾಣೆಯವರೆಗೆ ಹೋಗಿ ಹಿಂದಿರುಗಿದ. ಅದಕ್ಕೆ ಪೆಡಲು ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ಸಾಗಬೇಕಿತ್ತು. ಅವನ ಉದ್ದೇಶ ಯಂತ್ರವನ್ನು ಪರೀಕ್ಷಿಸುವುದಾಗಿತ್ತು, ವಿಹಾರವಲ್ಲ. ವಿಹಾರಕ್ಕೆಂದೇ ಹಳ್ಳಿಗಾಡಿಗೆ ಹೋಗುವ ರೂಢಿ ಬೆಳೆದದ್ದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗಳ ಸಂಘ 1878ರಲ್ಲೇ ಹುಟ್ಟಿತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ‘ರೋವರ್’ ಸೈಕಲ್ಲೂ 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟೈರೂ ಬಂದ ಮೇಲೆ ಸಾಮಾನ್ಯ ಜನರೂ ಹಳ್ಳಿದಾರಿಗಳಿಗೆ ಇಳಿದರು.

ಲಾಭಗಳನ್ನು ಕಳೆದ ಮೇಲೆ ಸವಾರಿಯಲ್ಲಿ ಏನು ಉಳಿಯುತ್ತದೆಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಬಿಡಿಸಿಕೊಳ್ಳಲು ಅರಿಸ್ಟಾಟಲ್ ನೆರವಾಗುತ್ತಾನೆ. ‘ಮೆಟಫಿಸಿಕ್ಸ್’ ಕೃತಿಯ ಒಂಬತ್ತನೆಯ ಭಾಗದಲ್ಲಿ ಅವನು ಕ್ರಿಯೆಗಳನ್ನು ಎರಡಾಗಿ ವಿಂಗಡಿಸುತ್ತಾನೆ. ಮನೆ ಕಟ್ಟುವುದು, ಮೈ ಇಳಿಸುವುದು ಮೊದಲ ಬಗೆ. ಅವು ನಡೆಯುತ್ತಿರುವಷ್ಟು ಹೊತ್ತೂ ಅಪೂರ್ಣ. ಪೂರ್ಣವಾದೊಡನೆ ಅವುಗಳ ಕಥೆ ಮುಗಿಯುತ್ತದೆ. ನೋಡುವುದು, ಯೋಚಿಸುವುದು, ಚೆನ್ನಾಗಿ ಬಾಳುವುದು ಎರಡನೆಯ ಬಗೆ. ನೋಡುತ್ತಿರುವವನು ಆಗಲೇ ನೋಡಿಯೂ ಆಗಿರುತ್ತಾನೆ. ಆ ಕ್ರಿಯೆ ಯಾವ ಗಳಿಗೆಯಲ್ಲಿ ನಿಂತರೂ ಅರ್ಧಕ್ಕೆ ನಿಂತಿತೆನ್ನುವಂತಿಲ್ಲ. ನಡಿಗೆಯನ್ನು ಅರಿಸ್ಟಾಟಲ್ ಮೊದಲ ಬಗೆಗೇ ಸೇರಿಸುತ್ತಾನೆ. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಚಲನೆ ತಲುಪುವವರೆಗೆ ಅಪೂರ್ಣವಲ್ಲವೇ? ಸೈಕಲ್ಲನ್ನೂ ಅವನು ಅಲ್ಲಿಯೇ ಇಡುತ್ತಿದ್ದನೆಂದು ತೋರುತ್ತದೆ.

ವಿರಾಮದ ಸವಾರಿ ಈ ವಿಂಗಡಣೆಗೆ ಒಂದು ತೊಡಕನ್ನು ಒಡ್ಡುತ್ತದೆ. ನೂರಾರು ಮೀಟರು ಏರಬೇಕಾದ ದಿಬ್ಬದ ಮುಂದೆ ಸವಾರನಿಗೆ ಗುರಿ ಇದ್ದೇ ಇದೆ. ತುದಿ ಮುಟ್ಟುವವರೆಗೆ ಏರು ಮುಗಿದಿಲ್ಲ. ಆದರೆ ಅವನು ಬಯಸಿದ್ದು ತುದಿಯನ್ನಲ್ಲ, ಏರುವುದನ್ನು. ಮಳೆ ಹಿಡಿದು ನಡುದಾರಿಯಲ್ಲೇ ಹಿಂದಿರುಗಿದರೆ ಸವಾರಿ ಕೆಟ್ಟಿತೆಂದು ಅವನು ಹೇಳುವುದಿಲ್ಲ. ಡೈರಿಗೆ ಹೊರಟವನು ನಡುದಾರಿಯಿಂದ ಮರಳಿದರೆ ಹಾಲು ಹಾಳಾಗುತ್ತದೆ. ಕಾಲು, ಚಕ್ರ, ಚೈನುಗಳ ಮಟ್ಟಿಗೆ ಎರಡೂ ಒಂದೇ ಚಲನೆ. ಒಂದು ತಲುಪಿದಾಗ ಪೂರ್ಣವಾಗುತ್ತದೆ, ಇನ್ನೊಂದು ಸಾಗುತ್ತಿರುವಾಗಲೇ ಪೂರ್ಣವಾಗಿದೆ. ಹಾಗಾದರೆ ಪೂರ್ಣತೆಯನ್ನು ತೀರ್ಮಾನಿಸುವುದು ಚಲನೆಯ ಆಕಾರವಲ್ಲ, ಚಲಿಸುವವನು ಅದರಿಂದ ಏನನ್ನು ಬಯಸುತ್ತಾನೆಂಬುದು. ಅರಿಸ್ಟಾಟಲ್ ಹೇಳದೆ ಬಿಟ್ಟ ಈ ಮಾತನ್ನು ಸೇರಿಸಿಕೊಂಡರೆ ಅವನ ವಿಂಗಡಣೆ ಇನ್ನಷ್ಟು ಗಟ್ಟಿಯಾಗುತ್ತದೆ.

ಇಲ್ಲಿ ಕನ್ನಡದ ಓದುಗರಿಗೆ ತಟ್ಟನೆ ನೆನಪಾಗುವುದು ಗೀತೆಯ ನಿಷ್ಕಾಮ ಕರ್ಮ. ಆದರೆ ಆ ಹೋಲಿಕೆ ಸರಿಹೊಂದುವುದಿಲ್ಲ. ಅರ್ಜುನನ ಮುಂದಿರುವ ಯುದ್ಧಕ್ಕೆ ಫಲವಿದೆ, ಅದು ಅವನ ಕರ್ತವ್ಯವೂ ಹೌದು; ಬಿಡಬೇಕಾದದ್ದು ಫಲದ ಆಸೆಯನ್ನು. ವಿಹಾರಕ್ಕೆ ಹೊರಟವನಿಗೆ ಕರ್ತವ್ಯವೂ ಇಲ್ಲ, ತ್ಯಾಗ ಮಾಡಲು ಫಲವೂ ಇಲ್ಲ. ಇದಕ್ಕೆ ಹತ್ತಿರವಾದ ವಿಚಾರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿದೆ. ಯಾವ ಕೊರತೆಯೂ ಇಲ್ಲದ ಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಬೇಕು? ಪ್ರಯೋಜನವಿದ್ದರೆ ಕೊರತೆಯಿದ್ದಂತಾಯಿತು, ಪ್ರಯೋಜನವಿಲ್ಲದಿದ್ದರೆ ಅದು ಹುಚ್ಚಾಟವಾಯಿತು. ಈ ಇಕ್ಕಟ್ಟಿಗೆ ಸೂತ್ರಕಾರ ಕೊಡುವ ಉತ್ತರ ಲೀಲೆ.

ಆ ಸೂತ್ರಕ್ಕೆ ಆಚಾರ್ಯರು ಕೊಟ್ಟ ದೃಷ್ಟಾಂತಗಳು ಗಮನಾರ್ಹ. ಶಂಕರರು ಎಲ್ಲ ಬಯಕೆಗಳೂ ಈಡೇರಿದ ರಾಜನೋ ಮಂತ್ರಿಯೋ ವಿಹಾರದಲ್ಲಿ ತೊಡಗುವುದನ್ನು ಹೇಳುತ್ತಾರೆ. ಹೊರಗಿನ ಉದ್ದೇಶವಿಲ್ಲದೆ ಸ್ವಭಾವದಿಂದಲೇ ನಡೆಯುವ ಉಸಿರಾಟವನ್ನೂ ಮುಂದಿಡುತ್ತಾರೆ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವರು ಕೊಡುವ ಚಿತ್ರ ಇನ್ನೂ ಬಿಸುಪಿನದು: ಸುಖ ಉಕ್ಕಿಬಂದಾಗ ಮತ್ತನಾದವನು ಹಾಡುತ್ತಾನೆ, ಕುಣಿಯುತ್ತಾನೆ, ಏನನ್ನೂ ಪಡೆಯಲಿಕ್ಕಲ್ಲ. ಒಬ್ಬರು ಹೇಳುವುದು ಕೊರತೆ ಇಲ್ಲದಿರುವುದನ್ನು, ಇನ್ನೊಬ್ಬರು ಹೇಳುವುದು ತುಂಬಿ ಹೊರಚೆಲ್ಲುವುದನ್ನು. ಇಳಿಜಾರಿನಲ್ಲಿ ಪೆಡಲು ನಿಲ್ಲಿಸಿ, ಗಾಳಿಗೆ ಮೈಯೊಡ್ಡಿ ತನಗೆ ತಿಳಿಯದಂತೆಯೇ ಹಾಡತೊಡಗುವ ಸವಾರನ ಮಟ್ಟಿಗೆ ಮಧ್ವರ ದೃಷ್ಟಾಂತವೇ ಹೆಚ್ಚು ಒಪ್ಪುತ್ತದೆ. ಇಬ್ಬರೂ ಮಾತಾಡುತ್ತಿದ್ದುದು ಈಶ್ವರನ ಸೃಷ್ಟಿಯ ಬಗ್ಗೆ, ಮನುಷ್ಯನ ವಿಹಾರದ ಬಗ್ಗೆ ಅಲ್ಲ. ಆದರೂ ದೈವದ ಕ್ರಿಯೆಯನ್ನು ತಿಳಿಸಲು ಅವರು ಆರಿಸಿಕೊಂಡದ್ದು ಮನುಷ್ಯನ ದುಡಿಮೆಯನ್ನಲ್ಲ, ಆಟವನ್ನು. ವಿರಾಮವನ್ನು ಸೋಮಾರಿತನವೆಂದು ತಳ್ಳಿಹಾಕುವವರು ಯೋಚಿಸಬೇಕಾದ ಮಾತಿದು.

ಇಂಥ ಸವಾರಿಗೆ ನಿಧಾನಗತಿಯೇ ಲಕ್ಷಣವೆಂಬ ಎಣಿಕೆ ಸಾಮಾನ್ಯವಾಗಿದೆ. ಅದು ತಪ್ಪೆಂದು ತೋರಿಸುವುದು ಫ್ರಾನ್ಸಿನ ಪಾಲ್ ದ ವಿವಿಯ ಬದುಕು. ಸೇಂಟ್ ಎಟಿಯೆನ್ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರದಲ್ಲಿದ್ದು, ಆಮೇಲೆ ಸೈಕಲ್ ವ್ಯವಹಾರಕ್ಕಿಳಿದ ಇವನು (1853–1930) ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ಬರೆದ. 1887ರಲ್ಲಿ ಸೈಕಲ್ ಪತ್ರಿಕೆಯನ್ನು ಶುರುಮಾಡಿದ. ಸೈಕಲ್ ಪ್ರವಾಸಿಗಳಿಗೆ ಅವನು ಹಾಕಿಕೊಟ್ಟ ಏಳು ನಿಯಮಗಳಲ್ಲಿ ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬಂಥ ವ್ಯವಹಾರದ ಮಾತುಗಳಿವೆ. ಜಂಬಕ್ಕಾಗಿ ಎಂದೂ ತುಳಿಯಬಾರದೆಂಬುದು ಕೊನೆಯ ನಿಯಮ. ಅವನೇನೂ ಮೆಲ್ಲಗೆ ಹೋಗುವವನಲ್ಲ. ರಾತ್ರಿ ಹಗಲೆನ್ನದೆ ನೂರಾರು ಕಿಲೋಮೀಟರು ಸಾಗುತ್ತಿದ್ದ. ಅವನ ಪಾಲಿಗೆ ವಿರಾಮದ ಶತ್ರು ವೇಗವಲ್ಲ, ಇನ್ನೊಬ್ಬನನ್ನು ಮೀರಿಸಬೇಕೆಂಬ ಹಟ.

ಅವನ ಎದುರು ನಿಂತವನು ಆಂರಿ ದೆಗ್ರಾಂಜ್. 1903ರಲ್ಲಿ ‘ಟೂರ್ ದ ಫ್ರಾನ್ಸ್’ ಆರಂಭಿಸಿದ ಈ ಪತ್ರಿಕಾ ಸಂಪಾದಕ, ಏರಿನಲ್ಲಿ ಬದಲಿಸಿಕೊಳ್ಳುವ ಗೇರುಗಳು 45 ದಾಟಿದವರಿಗೆ ಸರಿ ಎಂದು 1902ರಲ್ಲಿ ಬರೆದಿದ್ದ. ಗೆಲುವು ಸ್ನಾಯುವಿನ ಬಲದಿಂದ ಬರಬೇಕೇ ಹೊರತು ಗೇರಿನ ಜಾಣ್ಮೆಯಿಂದಲ್ಲ ಎಂಬುದು ಅವನ ನಿಲುವು. ಚೈನು ಜಿಗಿಸಿ ಗೇರು ಬದಲಿಸುವ ಸಾಧನಕ್ಕೆ ಆ ಸ್ಪರ್ಧೆಯಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೊಸಿಯೊ ಮಾತ್ರ ಗೇರುಗಳ ಪರವಾಗಿ ಬಹುಕಾಲ ವಾದಿಸಿದ್ದ. ಸಾಧಾರಣ ಕಾಲಿನವರೂ ಬೆಟ್ಟದ ದಾರಿಯನ್ನು ಸವಿಯಲಿ ಎಂಬುದು ಅವನ ಆಸೆ. ಯಂತ್ರದ ಬಗೆಗಿನ ಈ ಜಗಳದ ತಳದಲ್ಲಿದ್ದುದು ಶ್ರಮ ಯಾವುದಕ್ಕಾಗಿ ಎಂಬ ಪ್ರಶ್ನೆ. ಸ್ಪರ್ಧೆಯಲ್ಲಿ ಶ್ರಮ ಗೆಲುವಿಗೆ ತೆರುವ ಬೆಲೆ. ವಿಹಾರದಲ್ಲಿ ಶ್ರಮವೂ ಸವಿಯ ಭಾಗ. ಕೈಯಲ್ಲಿರುವ ಫೋನು ದೂರ, ವೇಗ, ಎತ್ತರಗಳನ್ನು ಅಳೆದು ಬೇರೆಯವರ ಅಂಕಿಗಳ ಪಕ್ಕದಲ್ಲಿ ಇಡುವ ಈ ಕಾಲದಲ್ಲಿ ವೆಲೊಸಿಯೊನ ಕೊನೆಯ ನಿಯಮವನ್ನು ಪಾಲಿಸುವುದು ಅವನ ಕಾಲಕ್ಕಿಂತ ಕಷ್ಟ.

ಡಾಂಬರು ಬಿಟ್ಟು ಕಾಲುದಾರಿಗೆ ಇಳಿದವರಲ್ಲಿ ಶ್ರಮವೂ ಸವಿಯ ಭಾಗವೆಂಬ ವಿಚಾರ ತುತ್ತತುದಿಗೆ ಹೋಗುತ್ತದೆ. ‘ವೇಫೇರರ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಂಗ್ಲೆಂಡಿನ ಡಬ್ಲ್ಯು. ಎಂ. ರಾಬಿನ್ಸನ್ 1919ರ ಮಾರ್ಚ್ ತಿಂಗಳಲ್ಲಿ ವೇಲ್ಸ್‌ನ ಬರ್ವಿನ್ ಬೆಟ್ಟಗಳನ್ನು ಹಿಮದ ನಡುವೆ ಸೈಕಲ್ಲಿನೊಂದಿಗೆ ದಾಟಿದ. ‘ಸೈಕಲ್ಲಿನೊಂದಿಗೆ’ ಎಂಬುದೇ ಸರಿ, ಏಕೆಂದರೆ ಇಂಥ ದಾರಿಗಳಲ್ಲಿ ಎಷ್ಟೋ ಕಡೆ ಅದನ್ನು ತಳ್ಳಬೇಕು, ಹೆಗಲಿಗೇರಿಸಬೇಕು. ಒರಟು ದಾರಿಗಳನ್ನೇ ಮೆಚ್ಚುವವರ ಸಂಘವೊಂದು 1955ರಲ್ಲಿ ಇಂಗ್ಲೆಂಡಿನ ಲೆಮ್‌ಸ್ಟರ್‌ನಲ್ಲಿ ಹುಟ್ಟಿಕೊಂಡಿತು. ಸುಗಮವಾದ ರಸ್ತೆಯಿರುವಾಗ ಸೈಕಲ್ ಹೊತ್ತು ಬೆಟ್ಟ ದಾಟುವುದೇಕೆ? ತತ್ತ್ವಜ್ಞ ಬರ್ನಾರ್ಡ್ ಸೂಟ್ಸ್ 1978ರ ತನ್ನ ಪುಸ್ತಕದಲ್ಲಿ ಆಟವೆಂದರೆ ಅಗತ್ಯವಿಲ್ಲದ ಅಡ್ಡಿಗಳನ್ನು ತಾನಾಗಿ ಮೈಮೇಲೆ ಹಾಕಿಕೊಂಡು ಗೆಲ್ಲುವ ಯತ್ನವೆಂದು ವಿವರಿಸಿದ. ಅಡ್ಡಿ ತೆಗೆದರೆ ಆಟವೇ ಇಲ್ಲ. ಈ ವಿವರಣೆ ಕಾಲುದಾರಿಯ ಸವಾರರಿಗೆ ಒಪ್ಪುತ್ತದೆ, ಆದರೆ ಅರ್ಧ ಮಾತ್ರ. ಅವರು ಅಡ್ಡಿಗಳನ್ನು ಹುಡುಕಿ ಹೋದದ್ದು ಅಡ್ಡಿಯ ಆಸೆಗಲ್ಲ, ಸುಗಮ ರಸ್ತೆ ಹೋಗದ ಜಾಗಗಳು ಅಡ್ಡಿಗಳ ಆಚೆಗಿದ್ದವು ಎಂಬ ಕಾರಣಕ್ಕೆ.

ಧರ್ಮದ ಕಡೆಯಿಂದ ಬಂದ ತಕರಾರು ವಿರಾಮದ ದಿನದ ಬಗೆಗಿನದು. 1890ರ ದಶಕದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಸೈಕಲ್ ಹಬ್ಬಿದಾಗ ಭಾನುವಾರದ ಸವಾರಿಯನ್ನು ಹಲವು ಪಾದ್ರಿಗಳು ಖಂಡಿಸಿದರು. ವಾರವೆಲ್ಲ ದುಡಿಯುವವರಿಗೆ ಹಳ್ಳಿಗಾಡಿಗೆ ಹೋಗಲು ಸಿಗುತ್ತಿದ್ದುದು ಹೆಚ್ಚಾಗಿ ಆ ದಿನವೇ. ಯೆಹೂದಿ ಶಾಸ್ತ್ರಜ್ಞರಲ್ಲಿ ಹೆಚ್ಚಿನವರು ತಮ್ಮ ವಾರದ ವಿರಾಮದ ದಿನವಾದ ಸಬ್ಬತ್‌ನಂದು ಸೈಕಲ್ಲನ್ನು ಒಪ್ಪಲಿಲ್ಲ: ದಾರಿಯಲ್ಲಿ ಕೆಟ್ಟರೆ ರಿಪೇರಿಗೆ ಕೈಹಾಕುವ ಭಯ ಒಂದು, ವಾರದ ದಿನಗಳ ಓಡಾಟದಂತೆ ಕಾಣುತ್ತದೆಂಬ ಆಕ್ಷೇಪ ಇನ್ನೊಂದು. ಬಾಗ್ದಾದಿನ ದೊಡ್ಡ ವಿದ್ವಾಂಸ ಯೋಸೆಫ್ ಹಾಯಿಮ್ (ಮರಣ 1909) ಮಾತ್ರ, ಸಬ್ಬತ್‌ಗಾಗಿ ಗಡಿ ಗುರುತಿಸಿದ ಊರಿನೊಳಗೆ ಅದಕ್ಕೆ ಅಡ್ಡಿಯಿಲ್ಲವೆಂದ. ಇತ್ತ ಕ್ಯಾಥೊಲಿಕರಲ್ಲಿ, ಇಟಲಿಯ ಕೋಮೊ ಸರೋವರದ ಮೇಲಿನ ಗಿಸಾಲೊ ಬೆಟ್ಟದ ಮೇರಿ ಮಾತೆಯನ್ನು ಪೋಪ್ 12ನೆಯ ಪಯಸ್ 1949ರಲ್ಲಿ ಸೈಕಲ್ ಸವಾರರ ರಕ್ಷಕಿಯೆಂದು ಸಾರಿದರು.

ಅನುಮತಿ ನಿಷೇಧಗಳ ಈ ಚರ್ಚೆಗಿಂತ ಆಳವಾದದ್ದು ಯೆಹೂದಿ ಚಿಂತಕ ಏಬ್ರಹಾಂ ಹೆಶೆಲ್ 1951ರಲ್ಲಿ ಸಬ್ಬತ್ ಕುರಿತು ಬರೆದ ಪುಸ್ತಕದ ವಿಚಾರ. ದುಡಿಯಲು ಮತ್ತೆ ಶಕ್ತಿ ಬರಲೆಂದು ವಿರಮಿಸುವುದು ವಿರಾಮವನ್ನು ದುಡಿಮೆಯ ಆಳಾಗಿ ಮಾಡಿದಂತೆ; ನಿಜವಾಗಿ ವಾರದ ದಿನಗಳಿರುವುದೇ ಸಬ್ಬತ್‌ಗಾಗಿ ಎಂದು ಅವನ ವಾದ. ಆಯಾಸ ಕಳೆದು ಸೋಮವಾರ ಚುರುಕಾಗಿ ಕೆಲಸಕ್ಕೆ ಹೋಗಲೆಂದು ಮಾಡುವ ಭಾನುವಾರದ ಸವಾರಿ ಈ ಅಳತೆಯಲ್ಲಿ ಇನ್ನೂ ವಿರಾಮವಾಗಿಲ್ಲ. ಅದು ದುಡಿಮೆಯ ತಯಾರಿ.

ಕೊನೆಯ ತೊಡಕು ದಾರಿಯ ನೋಟವನ್ನು ‘ಸುಂದರ’ ಎನ್ನುವುದಕ್ಕೇ ಸೇರಿದ್ದು. ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸ್ 1899ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ತಾನು ಹೋಗುತ್ತಿದ್ದಾಗ ಮರ ಕಡಿದು, ಬುಡಗಳನ್ನು ಉಳಿಸಿ, ಜೋಳ ಬಿತ್ತಿದ್ದ ಜಾಗಗಳು ಹೊಲಸಾಗಿ ಕಂಡುದನ್ನು ಹೇಳುತ್ತಾನೆ. ಗಾಡಿ ಹೊಡೆಯುತ್ತಿದ್ದವನ ಮಾತು ಕೇಳಿದ ಮೇಲೆ ಆ ಜಾಗ ಅಲ್ಲಿಯವರ ಪಾಲಿಗೆ ಬೆವರಿನ ಗೆಲುವೆಂದು ಅವನಿಗೆ ಹೊಳೆಯಿತು. ದಾಟಿಹೋಗುವವನಿಗೆ ನೋಟವಾಗುವುದು ಅಲ್ಲಿರುವವನಿಗೆ ಬದುಕು. ಚಿಕ್ಕಮಗಳೂರು, ಕೊಡಗಿನ ತೋಟದ ದಾರಿಗಳಿಗೆ ಸೈಕಲ್ ಏರಿ ಬರುವ ನಗರದವರಿಗೂ ಇದು ಅನ್ವಯಿಸುತ್ತದೆ. ಮಂಜು ಮುಸುಕಿದ ಇಳಿಜಾರು ಕಣ್ಣಿಗೆ ಹಬ್ಬ. ಅದೇ ಇಳಿಜಾರಿನಲ್ಲಿ ಕಾಫಿ ಕೊಯ್ಯುವವರಿಗೆ ಜಾರುವ ನೆಲ. ಇದರಿಂದ ವಿಹಾರ ತಪ್ಪಾಗುವುದಿಲ್ಲ, ಅರೆಗುರುಡಾಗುವ ಅಪಾಯವಿದೆ ಅಷ್ಟೆ. ಕಾರಿಗಿಂತ ಸೈಕಲ್ಲಿಗೆ ಇಲ್ಲಿ ಒಂದು ಅನುಕೂಲವಿದೆ: ಅದರ ಮೇಲಿರುವವನಿಗೆ ಎದುರಾದವರ ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಎಲ್ಲಿ ಬೇಕಾದರೂ ಕಾಲೂರಿ ನಿಲ್ಲಬಹುದು. ತಲುಪಲೇಬೇಕಾದ ಜಾಗ ಇಲ್ಲದವನಿಗೆ ನಿಲ್ಲುವುದರಿಂದ ನಷ್ಟವೂ ಇಲ್ಲ. ದುಡಿಯುವವರಿಗೆ ದಾರಿ ಬಿಡಬೇಕಾದವನು ಅವನೇ. ಇಂಥದೇ ಮಾತು ಕಾನೂನಿನಲ್ಲೂ ಇದೆ: ಇಂಗ್ಲೆಂಡ್ ಮತ್ತು ವೇಲ್ಸ್‌ನ 1968ರ ಗ್ರಾಮಾಂತರ ಕಾಯ್ದೆ ಕುದುರೆದಾರಿಗಳಲ್ಲಿ ಸೈಕಲ್ ಓಡಿಸುವ ಹಕ್ಕನ್ನು ಕೊಟ್ಟಾಗ, ನಡೆದು ಹೋಗುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವರು ದಾರಿ ಬಿಡಬೇಕೆಂಬ ಷರತ್ತನ್ನು ಅದರ ಜೊತೆಯಲ್ಲೇ ಬರೆಯಿತು.